ಮೈನಸ್ ಮುಕ್ಕಾಲು

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮಾಲೀಕನೂ ಅಕ್ಕ ಎನ್ನುತ್ತಿದ್ದ. ಹಾಗೆ ಕರೆಯದವರು ಒಬ್ಬರೇ, ಮದುವೆಯ ಗೋಜಿಗೇ ಹೋಗದ ಕಟಿಂಗ್ ಮಾಸ್ಟರ್. ಅವರಿಗೆ ಅವಳು ಬರೀ ‘ನೋಡ್ರೀ’. ಅದರಲ್ಲೇನಾದರೂ ಇದೆಯೇ ಎಂದು ಯೋಚಿಸಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಗಂಡ ತೀರಿಹೋದ ಮೇಲೆ ಇಬ್ಬರು ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಅವಳ ತಲೆ ಅರ್ಧ ಬೆಳ್ಳಗಾಗಿತ್ತು.

ಸರಿಹೊಂದದ ಬಟ್ಟೆ ಬಂದರೆ ಮಾಸ್ಟರ್ ಅಳತೆ ತೆಗೆದು, ಚೀಟಿ ಬರೆದು, ಬಟ್ಟೆಗೆ ಚುಚ್ಚಿ, ಎರಡು ಕೋಣೆಗಳ ನಡುವಿನ ಕಿಟಕಿಯಲ್ಲಿ ಇಡುತ್ತಿದ್ದರು. ಮೈನಸ್ ಇದ್ದರೆ ಅಷ್ಟು ಇಂಚು ಒಳಗೆ ಹಿಡಿಯಬೇಕು, ಇಲ್ಲದಿದ್ದರೆ ಅಷ್ಟು ಬಿಚ್ಚಿ ಸಡಿಲ ಮಾಡಬೇಕು. ಇಷ್ಟೇ. ಆದರೆ ಮಾಸ್ಟರ್ ಬರೆಯುತ್ತಿದ್ದ ಭಿನ್ನರಾಶಿಗಳು ಮಾತ್ರ ದೇವರಿಗೇ ಪ್ರೀತಿ.

ಸೊಂಟಕ್ಕೆ ‘ಮೈನಸ್ ಹನ್ನೆರಡು ಬೈ ಹದಿನಾರು’ ಎಂಬ ಚೀಟಿ ಬಂದ ದಿನ ಅವಳು ಧುಮುಗುಟ್ಟುತ್ತಾ ಎದ್ದುಹೋದಳು.

“ಮಾಸ್ಟರೇ, ಮೇಲೆ ಕೆಳಗೆ ಎರಡನ್ನೂ ನಾಲ್ಕರಿಂದ ಭಾಗಿಸಿದ್ರೆ ಮೂರು ಬೈ ನಾಲ್ಕು. ಮುಕ್ಕಾಲು ಅಂತ ಬರೆಯೋಕೆ ಏನು ಕಷ್ಟ?”

“ಹೌದಲ್ರೀ! ನನಗೆ ಹೊಳೀಲೇ ಇಲ್ಲ ನೋಡಿ.”

ಹೊಳೆಯಲಿಲ್ಲವಂತೆ! ಮರುದಿನ ಹತ್ತು ಬೈ ಮೈನಸ್ ಹದಿನಾರು ಬಂತು.

“ಮೈನಸ್ಸನ್ನ ಕೆಳಗಡೆ ಯಾಕೆ ಬಚ್ಚಿಟ್ಟಿದ್ದೀರಾ?”

“ಮೇಲಿದ್ರೂ ಕೆಳಗಿದ್ರೂ ಒಂದೇ ತಾನೇ?”

“ಒಂದೇ. ಆದ್ರೆ ಮುಂದೆ ಹಾಕಿದ್ರೆ ಕಣ್ಣಿಗೆ ಬೀಳುತ್ತೆ. ಮೈನಸ್ ಐದು ಬೈ ಎಂಟು ಅಂತ ಬರೀರಿ.”

ಇನ್ನೊಮ್ಮೆ ಮೈನಸ್ ಹದಿನೆಂಟು ಬೈ ಮೈನಸ್ ಇಪ್ಪತ್ನಾಲ್ಕು. ಒಳಗೆ ಹಿಡಿಯಲು ಗುಂಡುಸೂಜಿ ಚುಚ್ಚಿದವಳು ತಟ್ಟನೆ ನಿಲ್ಲಿಸಿ ಕಿಟಕಿಗೆ ಓಡಿದಳು.

“ಎರಡೂ ಕಡೆ ಮೈನಸ್ ಇದ್ರೆ ಎರಡೂ ಹೊಡೆದುಹೋಗುತ್ತೆ. ಅಂದ್ರೆ ಇದು ಬಿಚ್ಚೋ ಲೆಕ್ಕ! ಆರರಿಂದ ಭಾಗಿಸಿದ್ರೆ ಅದೇ ಮುಕ್ಕಾಲು. ಟೇಪಲ್ಲಿ ಇಪ್ಪತ್ನಾಲ್ಕನೇ ಒಂದು ಭಾಗದ ಗೆರೆ ಎಲ್ಲಿದೆ, ತೋರಿಸಿ ನೋಡೋಣ.”

ಮಾಸ್ಟರ್ ಗಂಭೀರವಾಗಿ ಟೇಪು ಬಿಡಿಸಿ ಹುಡುಕಿದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹನ್ನೊಂದು ವರ್ಷ ಹೀಗೇ ನಡೆಯಿತು. ಇವತ್ತು ಯಾವ ಕಿತಾಪತಿಯ ಲೆಕ್ಕ ಕಾದಿದೆಯೋ ಎಂದು ಗೊಣಗಿಕೊಂಡೇ ಅವಳು ಮನೆಯ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಬಾಯಲ್ಲಿ ಗೊಣಗಾಟ, ಒಳಗೆ ಖುಷಿ.

ಆಮೇಲೆ ಮಾಸ್ಟರ್ ಕಣ್ಣು ಮಂಜಾಯಿತು. ಕೆಲಸ ಬಿಟ್ಟು ಅಣ್ಣನ ಊರಿಗೆ ಹೊರಟರು. ಕೊನೆಯ ದಿನ ಅವಳು ಬೆಳಗಿನಿಂದ ಚೀಟಿಗಾಗಿ ಕಾದಳು. ಸಂಜೆಯ ಹೊತ್ತಿಗೆ ಒಂದು ಕೋಟು ಬಂತು: ಮೈನಸ್ ಮೂರು ಬೈ ನಾಲ್ಕು. ಮೈನಸ್ ಮುಂದೆಯೇ ಇತ್ತು. ಭಾಗಿಸಲು ಏನೂ ಉಳಿದಿರಲಿಲ್ಲ. ಕೇಳುವುದಕ್ಕೇ ಏನೂ ಇಲ್ಲದಿದ್ದರೆ ಯಾವ ನೆಪದಲ್ಲಿ ಎದ್ದುಹೋಗುವುದು? ಹೊಲಿದು ಮುಗಿಸಿ ತಲೆ ಎತ್ತಿದಾಗ ಮುಂದಿನ ಕೋಣೆ ಖಾಲಿಯಾಗಿತ್ತು. ಇಂಥವಳನ್ನು ಪೆದ್ದಿ ಎನ್ನದೆ ಇನ್ನೇನು ಅನ್ನಬೇಕು?

ಹೊಸ ಮಾಸ್ಟರ್ ಕಾಲು, ಅರ್ಧ, ಮುಕ್ಕಾಲು ಎಂದು ದುಂಡಗೆ ಬರೆಯುತ್ತಿದ್ದ. ತಪ್ಪು ಹುಡುಕೋಣವೆಂದರೂ ಸಿಗದು. ಅವಳಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವನು ಕಪಾಟು ಖಾಲಿ ಮಾಡುತ್ತಾ ಹಳೆಯ ಅಳತೆ ಪುಸ್ತಕವೊಂದನ್ನು ತಂದ.

“ಅಕ್ಕ, ಇದನ್ನ ರದ್ದಿಗೆ ಹಾಕ್ಲಾ?”

ಅವಳು ತೆರೆದು ನೋಡಿದಳು. ಪ್ರತಿ ಸಾಲಿನಲ್ಲೂ ಮೊದಲು ಸುಲಭದ ಉತ್ತರ. ಮೂರು ಬೈ ನಾಲ್ಕು. ಅದರ ಪಕ್ಕ ಮೇಲೆ ಕೆಳಗೆ ನಾಲ್ಕರಿಂದ ಗುಣಿಸಿ ಹನ್ನೆರಡು ಬೈ ಹದಿನಾರು. ಇನ್ನೊಂದರಲ್ಲಿ ಐದು ಬೈ ಎಂಟನ್ನು ಹತ್ತು ಬೈ ಹದಿನಾರು ಮಾಡಿ, ಮೈನಸ್ಸನ್ನು ಕೆಳಕ್ಕೆ ದಬ್ಬಿದ್ದರು. ಪುಟ ಪುಟವೂ ಹೀಗೇ. ಲೆಕ್ಕ ಬಾರದ ಮನುಷ್ಯರಲ್ಲ ಅವರು. ಅವಳನ್ನು ಕಿಟಕಿಗೆ ಕರೆಯಲು ಬೇರೆ ದಾರಿ ಗೊತ್ತಿರಲಿಲ್ಲ, ಅಷ್ಟೇ.

ಕೊನೆಯ ಪುಟದಲ್ಲಿ ಆ ಕೋಟಿನ ಮೈನಸ್ ಮುಕ್ಕಾಲು. ಪಕ್ಕದಲ್ಲಿ ಆರು ಬೈ ಎಂಟು ಬರೆದು ಹೊಡೆದುಹಾಕಿದ್ದರು. ಹನ್ನೆರಡು ಬೈ ಹದಿನಾರು, ಅದೂ ಕಾಟು. ಹದಿನೆಂಟು ಬೈ ಇಪ್ಪತ್ನಾಲ್ಕು, ಅದೂ ಕಾಟು. ಎದುರು ನಿಂತು ‘ಹೋಗಿಬರ್ತೀನಿ’ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ.

ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮಾಲೀಕನ ಹತ್ತಿರ ಹೋಗಿ ನಂಬರ್ ಕೇಳಿ, ಅಲ್ಲೇ ನಿಂತು ಫೋನ್ ಮಾಡಿದಳು.

“ಮಾಸ್ಟರೇ, ನಾನು. ಮೈನಸ್ ಮೂರು ಬೈ ನಾಲ್ಕು ನನಗೆ ಅರ್ಥಾನೇ ಆಗ್ಲಿಲ್ಲ. ಯಾವತ್ತು ಬಂದು ಕೇಳ್ಲಿ?”