ಅಕ್ಕ ಕಟ್ಟುತ್ತಿದ್ದ ಚಳಿಗಂಟು

ನನ್ನ ಅಕ್ಕನ ಮುಂದಿನ ಹಲ್ಲೊಂದರ ತುದಿ ಚಕ್ಕೆ ಎದ್ದುಹೋಗಿದೆ. ಹಗ್ಗದ ಗಂಟನ್ನು ಕೈಯಿಂದ ಬಿಗಿದು, ಅದು ಸಾಲದೆಂದು ಹಲ್ಲಿನಲ್ಲಿ ಕಚ್ಚಿ ಇನ್ನೊಮ್ಮೆ ಎಳೆಯುವುದು ಅವಳ ಅಭ್ಯಾಸ. ಒಂದು ಸಲ ನೈಲಾನ್ ಹಗ್ಗವನ್ನು ಹಾಗೆ ಎಳೆದಾಗ ಹಲ್ಲು ಟಿಕ್ಕೆಂದಿತು. ಅವ್ವ ಬಾಯಿಗೆ ಬಂದಂತೆ ಬೈದಳು. ಅಕ್ಕ ನಾಲಗೆಯಿಂದ ಹಲ್ಲನ್ನು ಸವರಿ ನೋಡಿಕೊಂಡು, "ಅಲ್ಲು ಮುರುದ್ರೆ ಮುರೀಲಿ ಕಣವ್ವ, ಗಂಟು ಬುಟ್ಕೊಳ್ನಿಲ್ವಲ್ಲ" ಎಂದು ನಕ್ಕಳು.

ಕಾಡಿನ ಪಕ್ಕದ ಊರಾದ ತಿಗನಾರೆಯಲ್ಲಿ ನಮ್ಮದು ಕೂಲಿ ಮಾಡುವ ಮನೆ. ರಾಗಿ ಕುಯ್ಲು ಮುಗಿದ ಮೇಲೆ ಹೊಲದಲ್ಲಿ ಕೆಲಸ ಕಡಿಮೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಆ ಕಾಲದಲ್ಲಿ, ಮಾಗಿಯ ಚಳಿಗೆ ಸರಿಯಾಗಿ ನೆಲ್ಲಿಕಾಯಿ ಬಲಿಯುತ್ತಿತ್ತು. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಕಾಡಿಗೆ ಹೋಗುತ್ತಿದ್ದೆವು. ಎಲ್ಲರಿಗಿಂತ ಮುಂದೆ ಅಕ್ಕ ನಡೆಯುತ್ತಿದ್ದಳು. ಅವಳಿಗಿಂತ ವಯಸ್ಸಾದವರು ಇದ್ದರೂ ಮುಂದೆ ನಡೆಯುವ ಜಾಗ ಅವಳದೇ. ಆನೆ ಲದ್ದಿ ಕಂಡರೆ ಕಾಲಿನಿಂದ ಮುಟ್ಟಿ ಬಿಸಿ ನೋಡುವಳು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುವಳು, ನಿಲ್ಲಿ ಎಂದರೆ ಎಲ್ಲರೂ ನಿಲ್ಲಬೇಕು. ಸೀರೆಯ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟು ಅವಳು ಹಾಗೆ ಕೈ ಎತ್ತಿ ನಿಂತರೆ, "ಬಂದ್ರು ನಮ್ಮ ಗಾರ್ಡಮ್ಮೋರು" ಎಂದು ದೊಡ್ಡವ್ವ ಕಿಚಾಯಿಸುತ್ತಿದ್ದಳು. ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ. ಕಿಚಾಯಿಸಿದರೂ ನಿಲ್ಲುತ್ತಿದ್ದಳು.

ಕಾಡಿಗೆ ಹೋಗುವ ಹಿಂದಿನ ಸಂಜೆ ಅಕ್ಕ ಒಂದು ಗಂಟು ಕಟ್ಟುತ್ತಿದ್ದಳು. ಚಳಿಗಂಟು ಎಂದು ಅವಳೇ ಇಟ್ಟ ಹೆಸರು. ಹಳೆಯ ಕಂಬಳಿಯನ್ನು ಹಾಸಿ ಅದರೊಳಗೆ ಒಂದೊಂದಾಗಿ ಇಡುವಳು. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ಮೇಣದಬತ್ತಿಯ ಮೇಣ ಸುರಿದು ಮುಚ್ಚಿರುತ್ತಿದ್ದಳು. ಸೈಕಲ್ಲಿನ ಹರಿದ ಟ್ಯೂಬನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಇಡುತ್ತಿದ್ದಳು. ಮಂಜಿನಲ್ಲಿ ನೆನೆದ ಸೌದೆ ಬರಿಯ ಕಡ್ಡಿಗೆ ಹತ್ತುವುದಿಲ್ಲ, ರಬ್ಬರಿನ ಬೆಂಕಿಗಾದರೆ ಹತ್ತುತ್ತದೆ. ಜೊತೆಗೆ ರಾಗಿಯ ಹುರಿಟ್ಟು, ಬೆಲ್ಲ. ಗಂಟಿನ ಮೇಲೆ, ಬೇಕಾದಾಗ ಹೊದೆಯಲೂ ಆಗುವಂತೆ, ಯೂರಿಯಾ ಚೀಲ ಸುತ್ತುವಳು. ಯಾರಾದರೂ ಕಾಡಿನಲ್ಲಿ ಹಸಿವೆಂದು ಹುರಿಟ್ಟು ಕೇಳಿದರೆ ಸುತರಾಂ ಕೊಡುತ್ತಿರಲಿಲ್ಲ. "ಅಸಿವಿಗೆ ಬುತ್ತಿ ಅದೆ, ತಿನ್ನು. ಇದು ಚಳಿಗೆ. ಚಳಿ ಅಂದ್ರೆ ಸುಮ್ನೆ ಅಲ್ಲ, ಮಾತಾಡ್ತಾ ಮಾತಾಡ್ತಾನೆ ಮಲಗಿಸ್ಬುಡ್ತದೆ" ಎನ್ನುವಳು.

ಆ ಗಂಟನ್ನು ಹೊರುವುದು ಸಾಲಿನಲ್ಲಿ ಕೊನೆಗೆ ನಡೆಯುವವರು. ಕಾಡಿನಲ್ಲಿ ತಪ್ಪಿಸಿಕೊಳ್ಳುವವರು, ಕಾಲು ಉಳುಕಿ ಹಿಂದುಳಿಯುವವರು ಅವರೇ, ಆದ್ದರಿಂದ ಗಂಟು ಅವರ ಬೆನ್ನಿನ ಮೇಲೇ ಇರಬೇಕು ಎಂಬುದು ಅಕ್ಕನ ಲೆಕ್ಕಾಚಾರ. ಕೊನೆಯವಳು ನಾನು. ಒಮ್ಮೆ ನನ್ನ ಕೈಗೆ ಕೊಟ್ಟ ಮೇಲೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ದೊಡ್ಡವ್ವ, "ಬಿಚ್ಚಿ ಒಂದ್ಸಲ ನೋಡ್ಕೊಬಾರ್ದಾ?" ಎಂದು ಕೇಳಿದ್ದಕ್ಕೆ, "ಕೊಟ್ಟು ಆಮೇಲೆ ತಡಕಿದ್ರೆ ನನ್ ತಂಗಿ ಮೇಲೆ ನಂಗೆ ನಂಬ್ಕೆ ಇಲ್ಲ ಅಂತ ಆಯ್ತದೆ ದೊಡ್ಡವ್ವ" ಎಂದಿದ್ದಳು.

ಆ ನಂಬಿಕೆಯನ್ನೇ ನಾನು ಬಳಸಿಕೊಂಡೆ. ಗಂಟು ಭಾರವಾಗಿತ್ತು. ತಲೆಯ ಮೇಲೆ ನೆಲ್ಲಿಕಾಯಿ ಮೂಟೆ, ಬೆನ್ನಿಗೆ ಇದು. ವರ್ಷವರ್ಷವೂ ಹೊತ್ತಿದ್ದೆ, ಒಂದು ಸಲವೂ ಯಾರಿಗೂ ಬೇಕಾಗಿರಲಿಲ್ಲ. ಆ ವರ್ಷ ಒಂದು ಬೆಳಿಗ್ಗೆ, ಕಾಡಂಚಿನ ಹುಣಸೆ ಮರದ ಹತ್ತಿರ ಹಿಂದೆ ಉಳಿದು, ಗಂಟಿನಲ್ಲಿದ್ದುದನ್ನೆಲ್ಲ ಮರದ ಪೊಟರೆಯೊಳಗೆ ತುರುಕಿದೆ. ಕಂಬಳಿಯನ್ನೂ ಬಿಡಲಿಲ್ಲ. ಅದರ ಬದಲು ಮನೆಯಿಂದ ಮಡಿಲಲ್ಲಿ ತಂದಿದ್ದ ಹಳೆಯ ಸೀರೆಯ ತುಂಡಿಗೆ ಒಣಹುಲ್ಲು ತುಂಬಿ ಅದೇ ಹಗ್ಗದಲ್ಲಿ ಕಟ್ಟಿದೆ. ಮೇಲೆ ಯೂರಿಯಾ ಚೀಲ ಸುತ್ತಿದ್ದರಿಂದ ಗಂಟು ಮೊದಲಿನಷ್ಟೇ ದಪ್ಪ ಕಾಣುತ್ತಿತ್ತು. ಸಂಜೆ ವಾಪಸು ಬರುವಾಗ ಎಲ್ಲವನ್ನೂ ಮತ್ತೆ ತುಂಬಿಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಲವೂ ಹಾಗೆಯೇ ಮಾಡಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಹಗುರ ಬೆನ್ನಿನಲ್ಲಿ ಹಾಡು ಗುನುಗುತ್ತ ಅವರ ಹಿಂದೆ ನಡೆಯುತ್ತಿದ್ದೆ.

ಒಂದು ದಿನ ಮಧ್ಯಾಹ್ನವೇ ಮಂಜು ಇಳಿಯಿತು. ಅದರ ಹಿಂದೆಯೇ ಸೋನೆ ಮಳೆ. ಹಳ್ಳ ದಾಟುವಾಗ ದೊಡ್ಡವ್ವ ಪಾಚಿ ಕಲ್ಲಿನ ಮೇಲೆ ಜಾರಿ ಎದೆಮಟ್ಟ ನೀರಿಗೆ ಬಿದ್ದಳು. ಎಳೆದು ಮೇಲೆ ತಂದೆವು. ಊರಿನ ದಾರಿ ಹಿಡಿಯೋಣವೆಂದರೆ ಮುಂದೆ ಬಿದಿರು ಮೆಳೆಯಲ್ಲಿ ಮರಿ ಹಾಕಿದ ಆನೆಯ ಗುಂಪು ನಿಂತಿತ್ತು. ಅಕ್ಕ ಕೈ ಎತ್ತಿದಳು. ಸದ್ದಿಲ್ಲದೆ ಹಿಂದಕ್ಕೆ ಸರಿದು ಒಂದು ದೊಡ್ಡ ಬಂಡೆಯ ಕೆಳಗೆ ಮುದುಡಿ ಕುಳಿತೆವು. ದೊಡ್ಡವ್ವನ ದವಡೆ ಕಟಕಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ತುಟಿ ಕಪ್ಪಾಗಿತ್ತು. ಏನು ಕೇಳಿದರೂ ಉತ್ತರವಿಲ್ಲದೆ ಕಣ್ಣು ಮುಚ್ಚತೊಡಗಿದಳು.

ಅಕ್ಕ ನನ್ನ ಕಡೆ ಕೈ ಚಾಚಿ, "ತಾ ಅಮ್ಮಿ, ಗಂಟು" ಎಂದಳು.

ಕೊಡದೆ ಬೇರೆ ದಾರಿ ಇರಲಿಲ್ಲ. ಅಕ್ಕ ಬಂಡೆಯ ಕಡೆ ಮುಖ ಮಾಡಿ ಕುಳಿತು, ಹಲ್ಲಿನಿಂದ ಹಗ್ಗ ಸಡಿಲಿಸಿ ಬಿಚ್ಚಿದಳು. ಒಳಗೆ ಹುಲ್ಲು. ಅವಳ ಕೈ ಅಲ್ಲಿಯೇ ನಿಂತಿತು. ತಿರುಗಿ ನನ್ನ ಮುಖ ನೋಡಿದಳು. ಬೈಗುಳಕ್ಕಾಗಿ ಕಾದು ಕುಳಿತಿದ್ದ ನನಗೆ ಅವಳ ಕಣ್ಣಿನಲ್ಲಿ ಸಿಟ್ಟು ಕಾಣಲಿಲ್ಲ. ಏನೋ ಎಣಿಸುತ್ತಿದ್ದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ ಬುದ್ಧಿಗಿಷ್ಟು! ಯಾಮಾರಿ ಉಲ್ಲಿನ ದಿಂಬ ಕಟ್ಕೊಂಡ್ ಬಂದ್ಬುಟ್ಟಿವ್ನಿ ಕಣ್ರಮ್ಮಿ!"

"ದಿಂಬಾ? ಆಳಾದೋಳೆ, ಕಾಡ್ಗೇನು ಮಲಗಾಕೆ ಬಂದಿದ್ಯಾ?" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು, "ನಿನ್ನ ನಂಬ್ಕೊಂಡು ಬಂದ್ವಲ್ಲ" ಎಂದು ಅಳಲು ಶುರು ಮಾಡಿದಳು.

"ಬಯ್ಯಿವ್ರಂತೆ ಬುಡಿ, ಮೊದ್ಲು ಕೈಯಾಡ್ಸಿ" ಎಂದ ಅಕ್ಕ, ದೊಡ್ಡವ್ವನ ಒದ್ದೆ ಸೀರೆ ಬಿಚ್ಚಿಸಿದಳು. ತಾನು ತೊಟ್ಟಿದ್ದ ಅಂಗಿಯನ್ನು ಕಳಚಿ ಅವಳಿಗೆ ತೊಡಿಸಿ, ಅಂಗಿಯ ಒಳಗೆ ಬೆನ್ನಿಗೆ, ಎದೆಗೆ, ಕಂಕುಳಿಗೆಲ್ಲ ಆ ಒಣಹುಲ್ಲನ್ನೇ ತುಂಬಿದಳು. ಮೇಲೆ ಯೂರಿಯಾ ಚೀಲ ಸುತ್ತಿದಳು. ನಮ್ಮನ್ನೆಲ್ಲ ಸುತ್ತಲೂ ಒತ್ತಿ ಕೂರಿಸಿ, ದೊಡ್ಡವ್ವನ ಕಾಲುಗಳನ್ನು ತನ್ನ ಹೊಟ್ಟೆಗೆ ಅವುಚಿಕೊಂಡಳು. ರವಿಕೆಯ ಮೇಲೆ ಒಂದೆಳೆ ಸೆರಗು ಮಾತ್ರ ಉಳಿದಿದ್ದ ಅವಳ ತೋಳಿನ ರೋಮವೆಲ್ಲ ನೆಟ್ಟಗೆ ನಿಂತಿತ್ತು. "ಮಲಗ್ಬೇಡ ದೊಡ್ಡವ್ವ. ಗಾರ್ಡಮ್ಮ ಯೋಳ್ತಾವ್ಳೆ, ಕಣ್ಬುಡು" ಎಂದು ಕೆನ್ನೆ ತಟ್ಟುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ದೊಡ್ಡವ್ವ, "ಉಲ್ಲು ಚುಚ್ತದೆ ಕಣೆ ಮುಂಡೆ" ಎಂದು ಗೊಣಗಿದಳು. ಆ ಬೈಗುಳ ಕೇಳಿ ನಾವೆಲ್ಲ ಅಳುತ್ತಲೇ ನಕ್ಕೆವು.

ಹೊತ್ತು ಮುಳುಗುವ ಮೊದಲು ಆನೆಗಳು ಸರಿದವು. ದೊಡ್ಡವ್ವನನ್ನು ಎತ್ತಿಕೊಂಡು ಊರು ಸೇರಿದೆವು. ಅವಳು ಬದುಕಿದಳು. ಆದರೆ ಯುಗಾದಿಯವರೆಗೂ ಕೆಮ್ಮಿ ಕೆಮ್ಮಿ ಹಾಸಿಗೆ ಬಿಡಲಿಲ್ಲ.

ಮನೆಗೆ ಬಂದ ಮೇಲೆ ನಾನು ಅಕ್ಕನ ಕಾಲ ಬಳಿ ಕುಳಿತು, ನಾಳೆ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಆಗ ನನ್ನನ್ನು ಪಣಕಹಳ್ಳಿಗೆ ಮದುವೆ ಮಾಡಿಕೊಡುವ ಮಾತು ನಡೆಯುತ್ತಿತ್ತು. "ಸುಮ್ಕಿರು" ಎಂದಳು. "ನಂಗೆ ಮರೆವು ಅಂತಾರೆ, ಅಂದ್ಕೊಳ್ಳಿ. ನಿಂಗೆ ಅಂದದ್ದು ಪಣಕಳ್ಳಿಗೆ ಕೇಳುಸ್ತದೆ."

ಅಂದರು. ಬೀದಿಯೆಲ್ಲ ಅವಳಿಗೆ ದಿಂಬಕ್ಕ ಎಂದು ಹೆಸರಿಟ್ಟಿತು. ಮುಂದಿನ ಮಾಗಿಯಲ್ಲಿ ಹೆಂಗಸರು ಬೇರೊಬ್ಬಳನ್ನು ಮುಂದೆ ಬಿಟ್ಟುಕೊಂಡು ಕಾಡಿಗೆ ಹೋದರು. ಅಕ್ಕ ಗಂಟು ಕಟ್ಟಿ ಸಿದ್ಧವಾಗಿ ಬಾಗಿಲಿಗೆ ಬಂದಾಗ, "ನೀನು ನಡುಮಧ್ಯೆ ಬಾ ದಿಂಬಕ್ಕ, ಗಂಟ ನಾವೇ ಕಟ್ಕೊಂಡಿವಿ" ಎಂದರು. ಅವಳು ನಕ್ಕು, ತನ್ನ ಗಂಟನ್ನು ಒಳಗಿಟ್ಟು, ಸಾಲಿನ ನಡುವೆ ಸೇರಿಕೊಂಡಳು. ನಾನು ಅಷ್ಟು ಹೊತ್ತಿಗೆ ಮದುವೆಯಾಗಿದ್ದೆ. ಅವ್ವನ ಮನೆಗೆ ಬಂದಿದ್ದವಳು ಜಗಲಿಯ ಮೇಲೆ ನಿಂತು ಅದನ್ನು ನೋಡಿದೆ. ಬಾಯಿ ಬಿಡಲಿಲ್ಲ.

ನನ್ನ ಸಂಸಾರ ಚೆನ್ನಾಗಿಯೇ ನಡೆಯಿತು. ಅಕ್ಕನೂ ಚೆನ್ನಾಗಿದ್ದಾಳೆ. ಹಸು ಸಾಕಿದ್ದಾಳೆ, ಗಟ್ಟಿಯಾಗಿ ನಗುತ್ತಾಳೆ. ಒಮ್ಮೆಯೂ ಆ ದಿನದ ಮಾತನ್ನು ನನ್ನ ಮುಂದೆ ಎತ್ತಿದವಳಲ್ಲ. ಆದರೆ ಈಚೆಗೆ ತವರಿಗೆ ಹೋಗಿದ್ದಾಗ ನನ್ನ ಮಗಳು ಅವಳನ್ನು "ದಿಂಬು ದೊಡ್ಡವ್ವ" ಎಂದು ಕರೆದಳು. ಅಕ್ಕ "ಏನವ್ವಾ" ಎಂದು ಓಗೊಟ್ಟಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಅವರೆ ಸುಲಿಯುತ್ತ ಕುಳಿತಿದ್ದ ನಮ್ಮ ದೊಡ್ಡವ್ವನ ಮುಂದೆ, ಬೀದಿಯ ಹೆಂಗಸರ ಮುಂದೆ, ಹುಣಸೆ ಮರದ ಪೊಟರೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

ದೊಡ್ಡವ್ವ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, "ನೀನು ಮಾಡಿದ್ದು ಇರ್ಲಿ. ಇವಳ್ನ ನಾನು ಎಷ್ಟು ಜನದ ಮುಂದೆ ಆಡ್ಕೊಂಡಿವ್ನಿ, ಅದನ್ನೆಂಗವ್ವ ವಾಪಸ್ ತಕ್ಕೊಳ್ಲಿ?" ಎಂದಳು.

ಅಕ್ಕ ನನ್ನ ಮೇಲೆ ರೇಗಿದಳು. "ಮಗಳ ಮುಂದೆ ಯೋಳೋ ಮಾತಾ ಇದು? ಬುದ್ಧಿ ಬ್ಯಾಡ್ವಾ ನಿಂಗೆ?" ನನ್ನ ಮೇಲೆ ಅವಳು ಸಿಟ್ಟಾಗಿದ್ದು ಅದೊಂದೇ ಸಲ. ಅದೂ ನನ್ನ ಮಾನದ ಸಲುವಾಗಿ.

ಈಗ ನಮ್ಮ ಬೀದಿಯಿಂದ ಯಾರೂ ನೆಲ್ಲಿಕಾಯಿಗೆ ಹೋಗುವುದಿಲ್ಲ. ಕಾಡಿಗೆ ಕಟ್ಟುಪಾಡು ಹೆಚ್ಚಾಯಿತು, ಹೋಗುತ್ತಿದ್ದವರಿಗೂ ಮೊಣಕಾಲು ನೋವು ಬಂತು. ದೊಡ್ಡವ್ವ ನನ್ನನ್ನು ಕ್ಷಮಿಸಿದ್ದಾಳೆ, ಹೆಂಗಸರು ಅಕ್ಕನನ್ನು ದಿಂಬಕ್ಕ ಎನ್ನುವುದನ್ನು ನಿಲ್ಲಿಸಿದ್ದಾರೆ. ಆದರೆ ಕೈ ಎತ್ತಿದರೆ ಹಿಂದಿದ್ದವರೆಲ್ಲ ನಿಲ್ಲುವಂತೆ ಅವಳು ಇನ್ನೂ ಎಷ್ಟೋ ಮಾಗಿಗಳು ಆ ಕಾಡಿನಲ್ಲಿ ಮುಂದೆ ನಡೆಯಬೇಕಿತ್ತು. ಆ ಮಾಗಿಗಳನ್ನು ನಾನು ಎಲ್ಲಿಂದಲೂ ತಂದುಕೊಡಲಾರೆ.