ಉಣಿಸಿದ್ದು ಯಾರು

ನನ್ನ ಗೆಳೆಯ ಈಗಲೂ ಆಳಂದದ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕೂತು ನಮ್ಮ ಶ್ರೀಲಂಕಾ ಪ್ರವಾಸದ ಕಥೆ ಹೇಳುತ್ತಾನಂತೆ. ಗುಡ್ಡ, ಮೋಡ, ಚಹಾ ತೋಟ ಎಲ್ಲ ಬರುತ್ತವಂತೆ. ಬೈಕಿನಿಂದ ಬಿದ್ದದ್ದನ್ನೂ ನಗುತ್ತಲೇ ಹೇಳುತ್ತಾನಂತೆ. ಬಿದ್ದ ಮೇಲಿನ ದಿನಗಳ ಹತ್ತಿರ ಬಂದಾಗ ಮಾತ್ರ ಕಥೆ ಬೇರೆಯೇ ಆಗುತ್ತದೆ. ಕೇಳಿ ಬಂದವರು ನನಗೆ ಹೇಳುತ್ತಾರೆ, ನನ್ನ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅಷ್ಟು ದಾಕ್ಷಿಣ್ಯ ನನ್ನಲ್ಲಿ ಇನ್ನೂ ಉಳಿದಿದೆ.

ಅವನದು ಆಳಂದದಿಂದ ಮಾದನಹಿಪ್ಪರಗಾಕ್ಕೆ ಹೋಗುವಾಗ ಒಳಗೆ ತಿರುಗಬೇಕಾದ ಒಂದು ಹಳ್ಳಿ. ಹೊಲ ಇರುವ ಮನೆತನ. ಅವನು ಆಳಂದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಮನೆಯವರು ಬೌದ್ಧರು. ಹಳೆಯ ಜಾತಿಯನ್ನು ಅಜ್ಜನ ಕಾಲಕ್ಕೇ ನಾವು ಬಿಟ್ಟೆವು, ಊರು ಅದನ್ನು ಬಿಡಲಿಲ್ಲ. ಹೈಸ್ಕೂಲಿನಿಂದಲೂ ನಾವಿಬ್ಬರು ದೋಸ್ತರು. ಆಳಂದದಲ್ಲಿ ಒಂದೇ ತಟ್ಟೆಯ ಮಿರ್ಚಿ ಭಜಿ ತಿನ್ನುತ್ತಿದ್ದೆವು. ಅವನ ಹಳ್ಳಿಯ ಮನೆಗೆ ಹೋದರೆ ನಾನು ಪಡಸಾಲೆ ದಾಟುವಂತಿರಲಿಲ್ಲ. ಅವನ ಚಹಾ ಸ್ಟೀಲ್ ಲೋಟದಲ್ಲಿ, ನನ್ನದು ಕಾಗದದ ಕಪ್ಪಿನಲ್ಲಿ. "ಹೊಸಾದು ಅದ ತಮ್ಮಾ, ಯಾರೂ ಮುಟ್ಟಿಲ್ಲ," ಎನ್ನುತ್ತಿದ್ದಳು ಅವನ ತಾಯಿ, ನನಗೇನೋ ದೊಡ್ಡ ಮರ್ಯಾದೆ ಮಾಡಿದವಳ ಹಾಗೆ.

ಆಕೆ ಕೆಟ್ಟವಳಲ್ಲ. ನನಗೆ ಸಿಟ್ಟು ಹೆಚ್ಚಾಗುವುದೇ ಅದರಿಂದ. ನನ್ನ ಹೆಂಡತಿ ಬಾಣಂತಿಯಿದ್ದಾಗ ಮನೆಯ ತುಪ್ಪ ಕಳಿಸಿದವಳು ಆಕೆ. ಶ್ರೀಲಂಕಾಕ್ಕೆ ಹೊರಟಾಗ ನಮಗಾಗಿ ಎರಡು ಬುತ್ತಿ ಕಟ್ಟಿದ್ದಳು. ಎರಡರಲ್ಲೂ ಅದೇ ಖಡಕ್ ರೊಟ್ಟಿ, ಅದೇ ಶೇಂಗಾ ಹಿಂಡಿ. "ಇದು ನಿಂದು, ಅದು ಅವಂದು. ಕೂಡಸಬ್ಯಾಡ ಮತ್ತ," ಎಂದು ಮಗನಿಗೆ ನನ್ನೆದುರಿಗೇ ಹೇಳಿದಳು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಅವನು ಎರಡೂ ಗಂಟು ಬಿಚ್ಚಿ ಒಂದೇ ಕಡೆ ಸುರಿದು, "ತಿನ್ನಲೇ," ಎಂದು ನಕ್ಕ. ನಾನೂ ನಕ್ಕೆ. ವಿಮಾನ ಹತ್ತಿದರೆ ಜಾತಿ ಕೆಳಗೇ ಉಳಿಯುತ್ತದೆ ಎಂದುಕೊಂಡೆವೋ ಏನೋ.

ಕ್ಯಾಂಡಿಯಲ್ಲಿ ಒಂದು ಬೈಕ್ ಬಾಡಿಗೆಗೆ ಹಿಡಿದೆವು. ಅವನು ಸ್ವಲ್ಪ ಹೊತ್ತು, ನಾನು ಸ್ವಲ್ಪ ಹೊತ್ತು. ತೊಗರಿ ಹೊಲದ ಬಯಲಲ್ಲಿ ಬೆಳೆದ ನಮಗೆ ನೀರಿನ ಟ್ಯಾಂಕಿಗಿಂತ ಎತ್ತರದ್ದನ್ನು ನೋಡಿ ರೂಢಿಯಿಲ್ಲ. ಅಲ್ಲಿ ಗುಡ್ಡ ಹತ್ತಿದರೆ ಅದರ ಹಿಂದೆ ಇನ್ನೊಂದು ಗುಡ್ಡ ನಿಂತಿರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ದಿನ ನಾವು ಮಕ್ಕಳಾಗಿದ್ದೆವು. ತಿರುವು ತಿರುವಿಗೂ ಗಾಡಿ ನಿಲ್ಲಿಸಿ ಕೂಗುತ್ತಿದ್ದೆವು.

ನಮ್ಮ ಕಡೆಯ ಬೈಕಿನವರಿಗೆ ಒಂದು ಚಟ ಇದೆ. ಇಳಿಜಾರು ಕಂಡ ಕೂಡಲೇ ನ್ಯೂಟ್ರಲ್ ಮಾಡಿ ಎಂಜಿನ್ ಬಂದ್ ಮಾಡುವುದು. ಅಫಜಲಪುರದ ಕಡೆ ಭೀಮಾ ದಂಡೆಗೆ ಇಳಿಯುವಾಗಲೂ ಅಷ್ಟೆ, ಜೇವರ್ಗಿ ರಸ್ತೆಯಲ್ಲಿ ಸೇತುವೆಗೆ ಇಳಿಯುವಾಗಲೂ ಅಷ್ಟೆ, ಪೆಟ್ರೋಲ್ ಉಳಿಸಿದೆವೆಂದು ಎದೆ ಉಬ್ಬಿಸಿಕೊಂಡು ಜಾರುತ್ತೇವೆ. ನಮ್ಮ ಇಳಿಜಾರು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತದೆ. ಅಲ್ಲಿಯದು ಮುಗಿಯುವ ಮಾತೇ ಇಲ್ಲ. ಮೂರನೆಯ ದಿನ ನನ್ನ ದೋಸ್ತ ಅಂಥ ಘಾಟಿಯ ನೆತ್ತಿಯ ಮೇಲೆ ಕೀಲಿ ತಿರುಗಿಸಿದ.

"ಗೇರಿನ್ಯಾಗ ಇಳೀಲೇ, ಬ್ರೇಕ್ ಸುಡ್ತದ," ಎಂದು ಹಿಂದಿನಿಂದ ಕೂಗಿದೆ.

"ನಿನ್ನ ಪಾಠ ಕಾಲೇಜಿನ್ಯಾಗ ಇಟ್ಕೋ. ಹುಟ್ಟಿದಾಗಿಂದ ಗಾಡಿ ಹೊಡ್ಯಾಕತ್ತೇನಿ."

ಸುಟ್ಟ ವಾಸನೆ ಮೊದಲು ಬಂತು. ಆಮೇಲೆ ಅವನ ಬೆನ್ನು ಬಿಗಿಯಾದದ್ದು ನನಗೆ ತಿಳಿಯಿತು. ತಿರುವಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ. ಎಡಕ್ಕೆ ಗುಡ್ಡ, ಬಲಕ್ಕೆ ಪ್ರಪಾತ. ಅವನು ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಹೊರಳಿಸಿದ. ಅಷ್ಟು ಬುದ್ಧಿಯಾದರೂ ಬಂತಲ್ಲ ಪುಣ್ಯಾತ್ಮನಿಗೆ. ನಾನು ಹುಲ್ಲಿನ ಮೇಲೆ ಬಿದ್ದೆ. ಅವನು ಎರಡೂ ಅಂಗೈ ಊರಿ ಕಲ್ಲುಗಳ ಮೇಲೆ ಜಾರಿದ. ಎದ್ದವನೇ ಅವನನ್ನು ಬಾಯಿಗೆ ಬಂದಂತೆ ಬೈದೆ, ಬೈಯುತ್ತಲೇ ನನ್ನ ಅಂಗಿ ಹರಿದು ಅವನ ಕೈ ಕಟ್ಟಿದೆ.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಬೆರಳ ತುದಿಯವರೆಗೆ ಪಟ್ಟಿ ಸುತ್ತಿ ಚೆಂಡಿನ ಹಾಗೆ ಮಾಡಿದರು. ಹತ್ತಿರದಲ್ಲೇ ಒಬ್ಬ ಹೆಂಗಸಿನ ಮನೆಯ ಮಾಳಿಗೆಯಲ್ಲಿ ಒಂದು ರೂಮು ಸಿಕ್ಕಿತು. ಆ ಮಾಲಕಿ ಅನ್ನ ಬೇಳೆಯ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಇವನು ಮೊದಲು ಚಮಚ ಕೇಳಿದ. ಪಟ್ಟಿಯ ನಡುವೆ ಸಿಕ್ಕಿಸಿಕೊಟ್ಟೆ. ಅನ್ನ ಎದೆಯ ಮೇಲೆ ಬಿತ್ತು. ಎರಡನೆಯ ಸಲವೂ ಬಿತ್ತು.

"ಸಾಕು, ಬಾಯಿ ತೆಗಿ," ಎಂದೆ.

ಅನ್ನ ಕಲಸಿ ತುತ್ತು ಹಿಡಿದೆ. ಅವನು ನನ್ನ ಕೈಯನ್ನೇ ನೋಡಿದ. ಏನು ನೋಡಿದನೋ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದ. ಐದಾರು ದಿನ ಹಾಗೇ ನಡೆಯಿತು. ಹಲ್ಲು ಉಜ್ಜಿಸಿದೆ, ಮುಖ ತೊಳೆಸಿದೆ, ಪ್ಯಾಂಟಿನ ಗುಂಡಿಯನ್ನೂ ಹಾಕಿದೆ. ಒಂದು ಮಧ್ಯಾಹ್ನ ಉಣ್ಣುತ್ತ ಉಣ್ಣುತ್ತ ಅತ್ತುಬಿಟ್ಟ.

"ನಮ್ಮವ್ವ ಬಿಟ್ರ ನನಗ ಉಣಿಸಿದಾಂವ ನೀನ ನೋಡು. ಊರಿಗಿ ಹೋಗಿ ಆಕಿಗಿ ಹೇಳ್ತೇನಿ. ಇನ್ ಮ್ಯಾಲ ನೀ ಒಳಗ ಬರಬೇಕು, ನನ್ನ ಮಗ್ಗಲಾಗ ಕುಂತು ಉಣಬೇಕು. ಅವ್ವನ ಆಣಿ."

ನಾನು ಕೇಳಿರಲಿಲ್ಲ. ಅವನೇ ಬಾಯಿಬಿಟ್ಟು ಹೇಳಿದ್ದು. ಆ ಮಾತನ್ನು ನಂಬಿದೆ. ಇಷ್ಟು ವರ್ಷ ಪಡಸಾಲೆಯಲ್ಲಿ ಕೂತು ಬಂದವನಿಗೆ ಆ ಒಳಗಿನ ಊಟ ಎಷ್ಟು ದೊಡ್ಡದು ಎಂದು ನನಗೆ ಆ ದಿನವೇ ತಿಳಿದದ್ದು.

ಊರಿಗೆ ಬಂದಾಗ ಅವನ ಕೈಗೆ ಇನ್ನೂ ಸಣ್ಣ ಪಟ್ಟಿ ಇತ್ತು. ನಾನೇ ಮನೆಯವರೆಗೆ ಕರೆದುಕೊಂಡು ಹೋದೆ. ಪಡಸಾಲೆ ತುಂಬಿತ್ತು. ಅವನ ಕಾಕಾ ಬಂದಿದ್ದ, ಓಣಿಯ ಹೆಂಗಸರೂ ಇದ್ದರು. ನಾನು ಎಂದಿನ ನನ್ನ ಜಾಗದಲ್ಲಿ, ಬಾಗಿಲ ಹತ್ತಿರ ಕೂತೆ. ಈಗ ಹೇಳುತ್ತಾನೆ, ಈಗ ಎದ್ದು ನನ್ನ ಕೈ ಹಿಡಿದು ಒಳಗೆ ಕರೆಯುತ್ತಾನೆ ಎಂದು ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುಮಗನ ಹಾಗೆ ಕಾದೆ.

ತಾಯಿ ಅವನ ಮಗ್ಗುಲಲ್ಲೇ ಕೂತು ಕೈ ಸವರಿ ಸವರಿ ನೋಡಿದಳು. "ಎರಡೂ ಕೈ ಕಟ್ಟಿದ್ರಂದ್ರ ಉಂಡಿ ಹ್ಯಾಂಗೋ ಯಪ್ಪಾ? ಯಾರು ಉಣಿಸಿದ್ರು?"

ಗೆಳೆಯ ಒಮ್ಮೆ ಕಾಕಾನ ಕಡೆ ನೋಡಿದ. "ರೂಮಿನ ಮಾಲಕಿ ಇದ್ಳು ಬೇ," ಎಂದ. "ಆಕಿನ ಉಣಿಸಿದ್ಲು."

ತಾಯಿ ಎರಡೂ ಕೈ ಎತ್ತಿ ಮುಗಿದಳು. "ಯಾವ ದೇಶದಾಕಿನೋ, ಯಾವ ಜಾತಿಯಾಕಿನೋ, ಪುಣ್ಯಾತಗಿತ್ತಿ. ಆಕಿ ಹೊಟ್ಟಿ ತಣ್ಣಗಿರ್ಲಿ. ಎದುರಿಗಿದ್ರ ಕಾಲ್ ಮುಟ್ಟತಿದ್ದೆ."

ನನಗೆ ತಲೆಗೆ ನೆತ್ತರು ಏರಿತು. ಹೆಸರು ಕುಲ ಗೊತ್ತಿಲ್ಲದ ಪರದೇಶದ ಕೈ ಈ ಮನೆಗೆ ನಡೆಯುತ್ತದೆ! ಬಾಣಂತಿಗೆಂದು ತಾನೇ ತುಪ್ಪ ಕಳಿಸಿದ್ದ ನನ್ನ ಮನೆಯ ಕೈ ನಡೆಯುವುದಿಲ್ಲ. ಅವನಾದರೂ ನನ್ನ ಮುಖ ನೋಡಿದ್ದರೆ ಸುಮ್ಮನಿರುತ್ತಿದ್ದೆನೇನೋ. ಅವನು ನೆಲ ನೋಡುತ್ತಿದ್ದ.

"ಅವ್ವಾ," ಎಂದೆ, "ಉಣಿಸಿದಾಂವ ನಾನ ರೀ. ಅಷ್ಟೂ ದಿನ, ಇದೇ ಕೈಲೆ."

ತಾಯಿ ಮಗನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ, ಅಷ್ಟರಿಂದಲೇ ಆಕೆಗೆ ಎಲ್ಲ ತಿಳಿಯಿತು. ಆಮೇಲೆ ಸೆರಗಿನ ತುದಿ ಹಿಡಿದು, ನನ್ನೆದುರಿಗೇ, ಅವನ ಬಾಯಿ ಒರೆಸಿದಳು.