ಎರಡೂ ಕಡೆ ತಪ್ಪಿದ ಹನಿ

ಜೋಲಿ ಕಟ್ಟಲು ಮೆತ್ತಗಾದ ಹಳೆಯ ಸೀರೆಯೇ ಆಗಬೇಕು. ಹೊಸ ಬಟ್ಟೆ ಮಗುವಿನ ಮೈಗೆ ಒಗ್ಗುವುದಿಲ್ಲ, ಗಂಟೂ ಜಾರುತ್ತದೆ. ಬೇಗೂರಿನ ಕಡೆಯ ನಮ್ಮ ಹೆಂಗಸರು ಕಾಫಿ ಕೊಯ್ಲಿಗೆಂದು ವಯನಾಡಿಗೆ ಹೊರಟಾಗ ಗಂಟುಮೂಟೆಯ ತೀರಾ ಮೇಲೆ ಇಡುತ್ತಿದ್ದದ್ದು ಆ ಸೀರೆಯನ್ನೇ. ಯಾವ ಊರಿನ ಯಾವ ಕೊಂಬೆಗೆ ಕಟ್ಟಿದರೂ ಅದು ಕೂಸಿಗೆ ಮನೆ. ಅಂಥ ಮನೆಗೆ ಬಾಗಿಲಿಲ್ಲ, ನಂಬರಿಲ್ಲ; ಸರ್ಕಾರದ ನರ್ಸಮ್ಮ ಎಲ್ಲಿ ಬಂದು ತಟ್ಟಬೇಕು, ನೀವೇ ಹೇಳಿ.

ಹುಡುಕಿಕೊಂಡು ಬಂದು ತಟ್ಟಿದಾಗಲೂ ನಾವು ತೆರೆಯಲಿಲ್ಲ. ಅದರಲ್ಲಿ ನನ್ನ ಪಾಲು ದೊಡ್ಡದು. ನಾಲ್ಕನೆಯ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು, ಒಂದಿಷ್ಟು ಮಲಯಾಳ ಮಾತಾಡಬಲ್ಲೆನೆಂಬ ಕಾರಣಕ್ಕೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿಯಾಗಿದ್ದೆ. ತೊಡೆಗೆ ಸೂಜಿ ಚುಚ್ಚಿಸಿಕೊಂಡ ಮಗುವಿಗೆ ಜ್ವರ ಬರುತ್ತದೆ, ತಾಯಿ ಮರುದಿನ ಕೊಯ್ಲಿಗೆ ಇಳಿಯುವುದಿಲ್ಲ, ಆಳುಗಳ ಲೆಕ್ಕ ಬರೆಯುವ ತೋಟದ ರೈಟರ್ ನನ್ನ ಮೇಲೆ ಹಾರಾಡುತ್ತಾನೆ. ಅದಕ್ಕೇ ಎಲ್ಲರಿಗೂ ಒಂದು ಉಪಾಯ ಹೇಳಿಕೊಟ್ಟಿದ್ದೆ: ತೋಟದಲ್ಲಿ ಕೇಳಿದರೆ ಊರಲ್ಲಿ ಹಾಕಿಸಿದ್ದೇವೆ ಎನ್ನಿ, ಊರಲ್ಲಿ ಕೇಳಿದರೆ ತೋಟದಲ್ಲಿ ಹಾಕಿದರು ಎನ್ನಿ. ಎರಡೂ ಕಡೆಯವರು ನಂಬಿದರು. ಸೂಜಿಯ ಜೊತೆಗೆ ಬಾಯಿಗೆ ಬಿಡುವ ಪೋಲಿಯೊ ಹನಿಯೂ ಎರಡೂ ಕಡೆ ತಪ್ಪಿಹೋಯಿತು.

ನಮ್ಮ ಹೆಂಗಸರನ್ನು ದಡ್ಡರೆನ್ನಬೇಡಿ. ಅವರು ಮದ್ದಿಗೆ ಹೆದರಿದವರಲ್ಲ, ಮದ್ದಿನ ಮಾರನೆಯ ದಿನಕ್ಕೆ ಹೆದರಿದವರು. ದಿನಗೂಲಿಯ ಬದುಕಿಗೆ ಇವತ್ತಿನ ಜ್ವರ ಕಣ್ಣೆದುರಿಗೇ ಇರುತ್ತದೆ. ಮುಂದೆಂದೋ ಬರಬಹುದಾದ ರೋಗ ಗೋಪಾಲಸ್ವಾಮಿ ಬೆಟ್ಟದಾಚೆಯ ಮಳೆಯಂತೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನನ್ನಕ್ಕ ಮಾದಮ್ಮನೂ ಕೂಸನ್ನೆತ್ತಿಕೊಂಡು ನನ್ನ ತಂಡದಲ್ಲೇ ಬರುತ್ತಿದ್ದಳು. ಅವಳಿಗೆ ಮಾತ್ರ ಈ ಉಪಾಯ ಹಿಡಿಸಿರಲಿಲ್ಲ.

"ಹಾಕುಸ್ಬುಡ್ತೀನಿ ಕಣ್ಲಾ, ಒಂದಿನದ ಜ್ವರ ತಾನೆ?"

"ಮೇಸ್ತ್ರಿ ಅಕ್ಕನೇ ಕೆಲ್ಸ ಬುಟ್ರೆ ಮಿಕ್ದೋರು ಸುಮ್ಕಿದ್ದಾರಾ? ಬುಡಕ್ಕ" ಎಂದು ನಾನೇ ತಡೆದೆ.

ಆ ಸಲ ತೋಟದಲ್ಲಿ ಆಳುಗಳಿಗೆ ಕೊಡುವ ಲೈನ್‌ಮನೆಯಲ್ಲಿ ಅವಳ ಮಗ ಸಿದ್ದುವಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಎಡಗಾಲಿನ ಬಲವನ್ನು ಜೊತೆಗೇ ತೆಗೆದುಕೊಂಡು ಹೋಯಿತು.

ಗುಂಡ್ಲುಪೇಟೆಯ ಡಾಕ್ಟರು "ಹನಿ ಹಾಕಿಸಿದ್ರೇನಮ್ಮ?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಇಲ್ಲ ಸಾರ್, ನಾನೇ ಹಾಕುಸ್ನಿಲ್ಲ" ಎಂದಳು. ಬೈಗುಳವನ್ನೆಲ್ಲ ಒಬ್ಬಳೇ ತಿಂದಳು. ನಾನು ಬಾಯಿ ಬಿಡಲಿಲ್ಲ. ಸ್ನೇಹಿತರೇ, ಆ ಉಪಾಯಕ್ಕಿಂತ ಆ ಮೌನವೇ ನನ್ನನ್ನು ಹೆಚ್ಚು ತಿನ್ನುತ್ತದೆ.

ಮರುವರ್ಷ ನಾವು ಹೊರಟದ್ದು ಪಲ್ಸ್ ಪೋಲಿಯೊ ಭಾನುವಾರದಂದೇ. ಬೇಗೂರಿನ ರಸ್ತೆಯಲ್ಲಿ ಜೀಪು ತುಂಬಿ ನಿಂತಿತ್ತು. ಹನಿಯ ಡಬ್ಬಿ ಹಿಡಿದ ಹುಡುಗಿಯೊಬ್ಬಳು ಓಡಿಬಂದು, ಈ ಸಲ ಸೂಜಿಯಿಲ್ಲ, ಬರೀ ಹನಿ ಎಂದಳು.

"ತೋಟದಲ್ಲಿ ಆಕವ್ರೆ ಕಣಮ್ಮಿ, ಓಗು" ಎಂದಿತು ಜೀಪಿನೊಳಗಿನ ದನಿ. ನಾನು ಕಲಿಸಿದ ಪಾಠ!

ಅಕ್ಕ ಸಿದ್ದುವನ್ನು ಸೊಂಟಕ್ಕೇರಿಸಿಕೊಂಡು ಇಳಿದು ಜೀಪಿನ ಮುಂದೆ ನಿಂತಳು. ಡ್ರೈವರ್ ಹಾರನ್ ಹೊಡೆದ. "ನಿಮ್ಮತ್ತೆ ಮನೆ ಮುಂದೆ ಹೊಡ್ಕೊ ಓಗು" ಎಂದು ಅವನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು.

"ನಾ ಹೇಳುದ್ರೆ ಹೊಟ್ಟೆ ಉರ್ದು ಹೇಳ್ತಾವ್ಳೆ ಅಂತರೆ. ಇವ್ರು ನಂಬಿರಾದು ನಿನ್ ಮಾತ. ನೀನೇ ಹೇಳ್ಲಾ."

ಹೇಳಿದೆ. ಸಿದ್ದುವಿಗೆ ಹನಿ ತಪ್ಪಿಸಿದ್ದು ನಾನೆಂದೂ, ಡಾಕ್ಟರ ಮುಂದೆ ಅಕ್ಕ ನನ್ನ ತಪ್ಪನ್ನು ಹೊತ್ತಳೆಂದೂ ಎಲ್ಲರೆದುರಿಗೆ ಹೇಳಿದೆ. ಜೀಪಿನೊಳಗಿಂದ ಒಬ್ಬ ಮುದುಕಿ, "ಥೂ, ನಿನ್ ಬಾಯ್ಗೆ ಮಣ್ಣಾಕ" ಎಂದು ಉಗಿದು, ಮೊಮ್ಮಗುವನ್ನು ಎತ್ತಿಕೊಂಡು ಮೊದಲು ಇಳಿದಳು. ಅವಳ ಹಿಂದೆ ಉಳಿದ ತಾಯಂದಿರು. ಅಕ್ಕ ಒಂದೊಂದು ಕೂಸಿನ ಗಲ್ಲ ಹಿಡಿದು ಬಾಯಿ ತೆರೆಸುತ್ತಿದ್ದಳು, ತನ್ನ ಮಗನಿಗೆ ತಪ್ಪಿದ್ದು ಇವರಿಗೆ ಸಿಗುತ್ತಿದೆಯೆಂಬ ಸಂಕಟದ ಎಳೆಯೂ ಆ ಬೆರಳುಗಳಲ್ಲಿರಲಿಲ್ಲ. ಅಂಥ ಮನಸ್ಸು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನನಗೇಕೆ ಬರಲಿಲ್ಲವೋ ಕಾಣೆ.

ಹೊರಡುವಾಗ, ಮೇಸ್ತ್ರಿಗೆ ಮೀಸಲಾದ ಮುಂದಿನ ಸೀಟನ್ನು ಅಕ್ಕನಿಗೆ ಬಿಟ್ಟುಕೊಡಲು ಹೋದೆ.

"ನಾನಲ್ಲಿ ಕುಂತ್ರೆ ನಿನ್ ತಪ್ಪು ಕಮ್ಮಿ ಆದದಾ? ನೀನೇ ಕುಂತ್ಕೊ" ಎಂದಳು.

ಕೂತೆ. ಅವಳು ಸಿದ್ದುವನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿ, ಹಿಂದೆ ಹೋಗಿ ಹತ್ತಿಕೊಂಡಳು.